ಗುಂಯ್ ಸದ್ದು ಅಷ್ಟಿರಲಿ

ಟೊಮೊಯಾ,

ನಾಳೆಯ ಪೂಜೆಗೆ ಭಿಕ್ಕುಗಳಿಗೆ ಹೇಳಿ ಬರ್ತೀನಿ. ಮಿಸೊ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೋ.

ಅಪ್ಪ ಕಟ್ಟಿದ ಆಂಪ್ಲಿಫೈಯರ್ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಂಡೆ! ನಿನ್ನೆ ಗುಂಯ್ ಸದ್ದು ಪೂರ್ತಿ ನಿಲ್ಲೋ ತನಕ ಹಿಂಬದಿ ತಿರುಪು ತಿರುಗಿಸಿ ಹೋದೆಯಲ್ಲ, ಆಮೇಲೆ ರೆಕಾರ್ಡ್ ಹಾಕದೇನೇ ಎಡಗಡೆ ಸ್ಪೀಕರಿನಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸ್ತು. ಹೆದರಿ ಪ್ಲಗ್ ಕಿತ್ತುಹಾಕಿದೆ.

ಬೆಳಗ್ಗೆ ಅವರ ಪಟದ ಮುಂದೆ ಅನ್ನ ಇಡೋಕೆ ಹೋದ್ರೆ ಪ್ಲಗ್ ಕಿತ್ತ ಹಾಗೇ ಇದೆ, ಆಂಪ್ಲಿಫೈಯರಿನ ಗಾಜಿನ ವಾಲ್ವುಗಳು ಮಾತ್ರ ಬಿಸಿ. ತಿರುಪು, ಸ್ವಲ್ಪ ಗುಂಯ್ ಅನ್ನೋ ಹಾಗೆ ಅವರಿಡ್ತಿದ್ದ ಜಾಗಕ್ಕೇ ಬಂದಿದೆ.

ಅವರು ತೀರಿಕೊಂಡು ನಾಳೆಗೆ ನಲವತ್ತೊಂಬತ್ತು ದಿನ. ಅಲ್ಲೀತನಕ ಮನೇಲೇ ಇರ್ತಾರೆ ಅಲ್ವೇನೋ? ಶ್ರುತಿ ಮಾಡೋದು ಅವರಿಗೇ ಬಿಡು.

ಆಂಪ್ಲಿಫೈಯರ್ ಪಕ್ಕದಲ್ಲಿರೋ ಟೀ ನಿನಗಲ್ಲ.

ಅಮ್ಮ