ಅತ್ತೆ ಸಾಕಿದ ಅಂತರಗಂಗೆ

ಗಾರ್ಸೋನ್, ಕೊಲಂಬಿಯಾ
ಮಂಗಳವಾರ

ಪ್ರೀತಿಯ ಅಕ್ಕ,

ಕಾರ್ಡಿನಲ್ಲಿ ಜಾಗ ಕಡಿಮೆ, ನೇರ ಸುದ್ದಿಗೇ ಬರುತ್ತೇನೆ. ನಮ್ಮ ಮೀನುಹೊಂಡಗಳ ಕೊಳಕು ನೀರಿನಿಂದ ಹಳ್ಳ ನಾರುತ್ತಿದೆ, ಹೊಂಡ ಮುಚ್ಚಿಸಲೇಬೇಕು ಎಂದು ಕೆಳಗಿನ ತೋಟದ ಯಜಮಾನ ದೊನ್ ಎಲಿಸೇಯೊ ಹಟ ಹಿಡಿದಿದ್ದರು. ನಮ್ಮತ್ತೆ ದೋಮಿತಿಲಾ ವಾದಕ್ಕೆ ಹೋಗಲಿಲ್ಲ. ಹೊಂಡಕ್ಕೂ ಹಳ್ಳಕ್ಕೂ ನಡುವೆ ಉದ್ದನೆಯ ಕಾಲುವೆ ತೋಡಿಸಿ, ಎಲ್ಲರೂ ಕಿತ್ತೆಸೆಯುವ ಅಂತರಗಂಗೆಯನ್ನು ತಂದು ಅದರಲ್ಲಿ ತೇಲಿಬಿಟ್ಟರು. "ದೋಮಿತಿಲಾಗೆ ತಲೆ ಕೆಟ್ಟಿದೆ, ಕಳೆ ಸಾಕ್ತಿದಾಳೆ" ಎಂದು ಊರೆಲ್ಲ ನಕ್ಕಿತು. ಅತ್ತೆ ಮಾತ್ರ ವಾರಕ್ಕೊಮ್ಮೆ ಸೊಂಟದವರೆಗೆ ನೀರಿಗಿಳಿದು, ಬಲಿತ ಗಿಡಗಳನ್ನು ಎತ್ತಿ ಗೊಬ್ಬರದ ಗುಂಡಿಗೆ ಹಾಕಿ, ಎಳೆಯವಕ್ಕೆ ಜಾಗ ಮಾಡಿಕೊಡುತ್ತಿದ್ದರು.

ನಿನ್ನೆ ಎಲಿಸೇಯೊ ಜಗಳಕ್ಕೆಂದೇ ಬಂದರು. ಅತ್ತೆ ಒಂದು ಗಿಡ ಎತ್ತಿ ಬೇರು ತೋರಿಸಿದರು. ಮೊಳದುದ್ದದ ಕಪ್ಪು ಬೇರಿನ ತುಂಬ ಹೊಂಡದ ಹೊಲಸು ಅಂಟಿಕೊಂಡಿತ್ತು. "ಬೂಟು ಬಿಚ್ಚಿ, ಕಾಲುವೆ ಕೊನೇಲಿ ಇಳಿದು ನೋಡಿ ದೊನ್" ಎಂದರು. ಆತ ಮೊಣಕಾಲುದ್ದ ನೀರಿನಲ್ಲಿ ನಿಂತು ಬಗ್ಗಿ ನೋಡಿದರು. ಕಾಲಿನ ಹತ್ತು ಬೆರಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆಮೇಲೆ ಮೆಲ್ಲಗೆ, "ದೋಮಿತಿಲಾ, ನಮ್ಮ ಹಂದಿ ಕೊಟ್ಟಿಗೆ ನೀರಿಗೂ ಇದನ್ನ ಬಿಡಬಹುದಾ? ಅದೂ ಹಳ್ಳಕ್ಕೇ ಹೋಗತ್ತೆ" ಎಂದರು.

"ಗೊತ್ತು ಬಿಡಿ. ನಿಮಗೆ ಅಂತಲೇ ಎರಡು ಬುಟ್ಟಿ ತೆಗೆದಿಟ್ಟಿದೀನಿ" ಎಂದರು ಅತ್ತೆ.

ನನ್ನ ಕೆಮ್ಮು ಪೂರ್ತಿ ವಾಸಿಯಾಯಿತು, ಅಮ್ಮನಿಗೆ ಹೇಳು. ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಾರ್ಡನ್ನು ಡ್ರೈವರ್ ಕೈಗೆ ಕೊಡಲು ಓಡುತ್ತೇನೆ.

ನಿನ್ನ ನೆಲ್ಸಿ