ನಿನ್ನ ಪಾಲಿನ ನಾಲ್ಕು ನಾಯಿಗಳು

ನೊಯೆಲೀನ್,

ಇವತ್ತು ವಾರಗಲ್‌ನ ನಾಯಿ ರೇಸಿಗೆ ಒಬ್ಬನೇ ಹೋಗಿದ್ದೆ. ಓಟಕ್ಕೆ ಮುಂಚೆ ಹೊಟ್ಟೆ ಖಾಲಿ ಮಾಡಿಕೊಂಡ ನಾಯಿಯೇ ಗೆಲ್ಲುತ್ತದೆ ಎಂಬ ನಿನ್ನ ಲೆಕ್ಕಾಚಾರವನ್ನು ಇನ್ನೂ ಪರೀಕ್ಷಿಸುತ್ತಲೇ ಇದ್ದೇನೆ. ಎಂಟೂ ನಾಯಿಗಳ ಮೇಲೆ ಒಬ್ಬರೇ ಕಣ್ಣಿಡಲಾಗದೆಂದು ಮೊದಲ ನಾಲ್ಕು ನನಗೆ, ಕೊನೆಯ ನಾಲ್ಕು ನಿನಗೆ ಎಂದು ಹಂಚಿಕೊಂಡಿದ್ದೆವಲ್ಲ.

ನನ್ನ ನಾಲ್ಕರಲ್ಲಿ ಯಾವುದೂ ಹೊಟ್ಟೆ ಖಾಲಿ ಮಾಡಲು ಕೂರಲಿಲ್ಲ. ಬಾಜಿ ಕಟ್ಟದೆ ಸುಮ್ಮನೆ ನಿಂತೆ. ಗುಲಾಬಿ ಅಂಗಿಯ ಎಂಟನೆಯದು ಗೆದ್ದಿತು.

ಅಲ್ಲಿ ಮಾಂಸದ ಪೈ ಮಾರುವ ಕ್ಲೈವ್ ಬಿದ್ದು ಬಿದ್ದು ನಕ್ಕ. "ಅಲ್ಲಯ್ಯಾ, ಅದು ನಿನ್ನ ಮುಂದೇನೇ ಕೂತು ರಾಶಿ ಹಾಕ್ತಲ್ಲೋ! ಕಣ್ಣು ಎಲ್ಲಿಟ್ಟಿದ್ದೆ?"

"ಆ ಕಡೇದು ನೊಯೆಲೀನ್ ನೋಡ್ಕೋತಾಳೆ" ಎಂದುಬಿಟ್ಟೆ.

ಅವನ ನಗು ನಿಂತಿತು. ನಿನ್ನ ಮಣ್ಣಿಗೆ ಅವನೂ ಬಂದಿದ್ದ.

"ಮುಂದಿನ ಓಟಕ್ಕೆ ಆ ನಾಲ್ಕನ್ನ ನಾನು ನೋಡ್ಲೇನೋ?" ಎಂದು ಕೇಳಿದ.

ಬೇಡ ಎಂದೆ.