ನಾನು ಕೂಗದ ಅಕ್ಷರ

ಮಂಗಳವಾರ, ಮಧ್ಯಾಹ್ನ

ನನ್ನ ಜೊತೆ ಮಾತು ಬಿಟ್ಟಿರುವ ಅಕ್ಕನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ಅಮ್ಮ ಓದುವುದನ್ನು ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ನೀನೇನು ಹೇಳುತ್ತೀಯೋ ಎಂದು ಕಾಯುತ್ತಾಳೆ. ನೀನು ಏನೂ ಹೇಳುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಮೊಬೈಲಿನಲ್ಲಿ ದನಿ ಮುದ್ರಿಸಿ ಕಳಿಸಿದರೆ ಕೇಳದೆ ಅಳಿಸುತ್ತೀಯಂತೆ. ಅದಕ್ಕೇ ಈ ಕಾಗದ. ಅಮ್ಮನ ಬಾಯಿಂದ ಬಂದರೆ ಕೂತು ಕೇಳುತ್ತೀಯ. ಅಮ್ಮಾ, ಒಂದು ಸಾಲನ್ನೂ ನುಂಗದೆ ಓದು.

ನೀನು ಹೇಳಿ ಕಳಿಸಿದ್ದು ತಲುಪಿತು. "ಮೊಂಡನ್ನ ಎಲ್ಲಿಟ್ಟಿದ್ದಾಳೆ ಕೇಳು. ಮಿಕ್ಕಿದ್ದೇನೂ ಬೇಡ, ಅವನನ್ನ ವಾಪಸ್ ಕೊಟ್ರೆ ಸಾಕು." ಎರಡು ತಿಂಗಳಾದ ಮೇಲೆ ಅಕ್ಕ ತಂಗಿಗೆ ಆಡಿದ ಮಾತು ಇಷ್ಟೇ, ಅದೂ ಒಂದು ಕುದುರೆಯ ಬಗ್ಗೆ. ಕೊಡುವುದಿಲ್ಲ ಅಕ್ಕ. ಯಾಕೆ ಎಂದು ಬರೆಯುತ್ತೇನೆ.

ಮೊದಲು ಒಂದು ಸುಳ್ಳನ್ನು ತೆಗೆದುಬಿಡುತ್ತೇನೆ. ಆಯ್ಕೆ ಸ್ಪರ್ಧೆಯ ದಿನ ನನಗೆ ಕೆಮ್ಮು ಬಂದಿರಲಿಲ್ಲ. ಗಾಳಿಯೂ ಬೀಸಿರಲಿಲ್ಲ. ನಾನು ಬೇಕೆಂದೇ ಕೂಗಲಿಲ್ಲ.

ಅಮ್ಮ ಹೆದರಿ ಒಂದು ದಿನವೂ ಆ ಸವಾರಿ ಅಂಗಳಕ್ಕೆ ಬಂದವಳಲ್ಲ, ಹಾಗಾಗಿ ಅವಳಿಗೆ ಬಿಡಿಸಿ ಹೇಳಬೇಕು. ಡ್ರೆಸಾಜ್ ಎಂದರೆ ಓಟದ ಪಂದ್ಯ ಅಲ್ಲಮ್ಮ. ಮೊಳಕಾಲಿಗೂ ಬಾರದ ಬಿಳಿ ಹಲಗೆಯ ಬೇಲಿ, ಅದರ ಸುತ್ತ ಎಂಟು ಅಕ್ಷರ. ಕುದುರೆಯನ್ನು ಈ ಅಕ್ಷರದಿಂದ ಆ ಅಕ್ಷರಕ್ಕೆ ಹೇಳಿದ ನಡಿಗೆಯಲ್ಲಿ ಒಯ್ಯಬೇಕು. ಒಂದೊಂದು ತಿರುವಿಗೂ ಅಂಕ. ಅಂಗವಿಕಲರ ಸ್ಪರ್ಧೆಯಲ್ಲಿ ಕಣ್ಣಿಲ್ಲದ ಸವಾರರಿಗೆ ಒಂದು ಸವಲತ್ತು ಉಂಟು: ಅಕ್ಷರದ ಪಕ್ಕ ಒಬ್ಬೊಬ್ಬರು ನಿಂತು ಆ ಅಕ್ಷರವನ್ನು ಕೂಗಬಹುದು. ಸವಾರರು ದನಿ ಹಿಡಿದು ಬರುತ್ತಾರೆ. ಅಕ್ಕ ಏಳು ವರ್ಷ ನನ್ನ ದನಿ ಹಿಡಿದು ಬಂದಳು. ನನ್ನ ಅಕ್ಷರ ಎಚ್, ಆಚೆ ತುದಿಯ ಮೂಲೆ.

ಮೊಂಡನಿಗೆ ಎಡಗಣ್ಣು ಹೋಗಿ ಎರಡು ವರ್ಷ. ಬಲಗಣ್ಣಿಗೂ ಅದೇ ಉರಿ ಆಗಾಗ ಬಂದು ಹೋಗುತ್ತಿತ್ತು. ದಿನಕ್ಕೆ ಮೂರು ಸಲ ಹನಿ, ಬಿಸಿಲಿಗೆ ಜಾಲರಿಯ ಮುಸುಕು, ಧೂಳೇಳದಂತೆ ನೆನೆಸಿದ ಹುಲ್ಲು. ನೀರಿನ ಬಕೆಟ್ಟನ್ನು ಯಾರಾದರೂ ಒಂದು ಗೇಣು ಸರಿಸಿದರೂ ನೀನು ಲಾಯ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಕುರುಡಿಗೆ ಕುರುಡ ಜೋಡಿ ಎಂದು ಲಾಯದವರು ಆಡಿಕೊಂಡರೆ, "ಇಬ್ರಿಗೂ ಸೇರಿ ಒಂದು ಕಣ್ಣಿದೆಯಲ್ಲ, ನಿಮ್ಮಲ್ಲಿ ಎಷ್ಟೋ ಜನಕ್ಕೆ ಅಷ್ಟೂ ಇಲ್ಲ" ಎಂದು ನೀನೇ ಅವರನ್ನು ನಗಿಸುತ್ತಿದ್ದೆ.

ನನಗೆ ನಗು ಬರುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾರೋ ಕೈಗೆ ತುರುಕಿದ ಎಂಟು ಪುಟದ ಕರಪತ್ರ ಓದಿದ ದಿನದಿಂದ ಆ ಅಂಗಳ ನನ್ನ ಕಣ್ಣಿಗೆ ಬೇರೆಯೇ ಆಯಿತು. ಕಡಿವಾಣ ಕಚ್ಚಿದ ಬಾಯಿ ಒಪ್ಪಿಗೆ ಕೊಡಲಾರದು ಎಂದು ಅದರಲ್ಲಿತ್ತು. ನೀನು ಹುಲ್ಲು ನೆನೆಸುತ್ತಿದ್ದಾಗ ಪಕ್ಕದಲ್ಲಿ ನಿಂತು ಪೂರ್ತಿ ಓದಿ ಹೇಳಿದೆ. ನೀನು ಬಕೆಟ್ಟಿನಿಂದ ಕೈ ತೆಗೆಯದೆ, "ಏಯ್ ಕರಪತ್ರ, ಅವನಿಗೆ ಹನಿ ಹಾಕೋ ಹೊತ್ತಾಯ್ತು. ಕ್ರಾಂತಿ ಸಂಜೆ ಮಾಡೋಣ" ಎಂದೆ. ಅಂದಿನಿಂದ ನನ್ನ ಹೆಸರೇ ಕರಪತ್ರ. ಲಾಳ ಹೊಡೆಯುವ ತಾತ ಕೂಡ "ಕರಪತ್ರಮ್ಮ, ಸ್ವಲ್ಪ ಕಾಲು ಹಿಡ್ಕೊಳ್ಳಮ್ಮ" ಎನ್ನುತ್ತಿದ್ದ. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಆಯ್ಕೆಯಾಗಿದ್ದರೆ ವಿದೇಶದ ಸ್ಪರ್ಧೆಗೆ ಮೊಂಡನನ್ನು ಎರಡು ದಿನ ಲಾರಿಯಲ್ಲಿ, ಆಮೇಲೆ ವಿಮಾನದ ಹೊಟ್ಟೆಯಲ್ಲಿ ಸಾಗಿಸಬೇಕಿತ್ತು. ಆ ವಾರವೇ ಅವನ ಬಲಗಣ್ಣು ಸೋರುತ್ತಿತ್ತು. ಧೂಳು, ದೂರದ ಪಯಣ ಒಳ್ಳೆಯದಲ್ಲ, ಆದರೆ ಎಚ್ಚರಿಕೆಯಿಂದ ಹೋಗಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು. ಬೇಡ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ನೀನು, "ನಂಗೆ ಮೂವತ್ತೆರಡಾಯ್ತು ಕಣೇ. ಇನ್ನೊಂದು ಸರ್ತಿ ಬರಲ್ಲ. ಅವನಿಗೂ ಬರಲ್ಲ" ಎಂದೆ. ಮಿಕ್ಕಿದ್ದನ್ನೆಲ್ಲ ಮರೆತೇನು ಅಕ್ಕ, ಆ 'ಅವನಿಗೂ' ಎಂದದ್ದನ್ನು ಮರೆಯಲಾರೆ. ಅವನನ್ನು ಯಾರು ಕೇಳಿದರು?

ನಾಲ್ಕು ಗೊರಸೂ ಬೇಲಿಯ ಆಚೆ ಬಿದ್ದರೆ ಸ್ಪರ್ಧೆಯಿಂದ ಹೊರಕ್ಕೆ. ನಿಯಮ ಅಷ್ಟು ಸರಳ. ಮೊಂಡ ಹಲಗೆಯನ್ನು ಮೆಲ್ಲಗೆ ದಾಟಿ ನಿಲ್ಲುತ್ತಾನೆ, ಗಂಟೆ ಹೊಡೆಯುತ್ತದೆ, ಲಾರಿ ಬರುವುದಿಲ್ಲ ಎಂದುಕೊಂಡಿದ್ದೆ. ನೀನು ಅಂಗಳವನ್ನು ಓರೆಯಾಗಿ ದಾಟಿ ನನ್ನ ಮೂಲೆಗೆ ಬರುತ್ತಿದ್ದೆ. ಬೇಲಿ ಅವನ ಎಡಕ್ಕೆ, ಸತ್ತ ಕಣ್ಣಿನ ಕಡೆಗೆ. ಹತ್ತು ಹೆಜ್ಜೆ ಇರುವಾಗ ನೀನು ತಲೆಯನ್ನು ಸ್ವಲ್ಪ ವಾರೆ ಮಾಡಿದೆ. ಐದು ಹೆಜ್ಜೆ ಇರುವಾಗ ನನ್ನ ಹೆಸರು ಕರೆದೆ. ಕರಪತ್ರ ಅಂತ ಅಲ್ಲ, ಹೆಸರನ್ನೇ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಅವನು ಮೆಲ್ಲಗೆ ದಾಟಲಿಲ್ಲ. ಹಲಗೆ ಕಾಲಿಗೆ ತಗುಲಿದ್ದೇ ಬೆದರಿ ನೆಗೆದ. ನಿನ್ನ ಹೆಗಲ ಮೂಳೆ ಮುರಿದದ್ದಕ್ಕೆ ನನಗೆ ಬೇಸರವಿದೆ. ಆದರೆ ನೀನು ನೆಲಕ್ಕೆ ಬಿದ್ದಾಗ ನಾನು ಮೊದಲು ನೋಡಿದ್ದು ನಿನ್ನನ್ನಲ್ಲ, ಅವನ ಕಾಲುಗಳನ್ನು. ನಾಲ್ಕೂ ಆಚೆಗಿದ್ದವು. ಮಣ್ಣಲ್ಲಿ ಬಿದ್ದುಕೊಂಡೇ ನೀನು "ಮೊಂಡ ನಿಂತಿದ್ದಾನಾ? ಯಾರಾದ್ರೂ ಹೇಳ್ರೋ" ಎಂದು ಕೂಗಿದೆ. ಕೋಚ್ ಸಹಿತ ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಅದು, ಬಿದ್ದವರು ಸಾಮಾನು ಒಡೆಯಿತೇ ಎಂದು ವಿಚಾರಿಸಿದಂತೆ ಕೇಳಿಸಿತು.

ಇನ್ನೊಂದು ವಿಷಯ. ಹದಿನೈದು ವರ್ಷದಿಂದ ನಿನ್ನ ಕಾಗದಗಳಿಗೆಲ್ಲ ನಿನ್ನ ಬೆರಳು ಹಿಡಿದು ಸಹಿಯ ಜಾಗ ತೋರಿಸಿದವಳು ನಾನು. ಆಸ್ಪತ್ರೆಯಲ್ಲಿ ನೀನು ಮಂಪರಿನಲ್ಲಿದ್ದಾಗ ವಿಮೆಯ ಕಾಗದ ಎಂದು ಒಂದಕ್ಕೆ ಹಾಕಿಸಿಕೊಂಡೆನಲ್ಲ, ಅದು ವಿಮೆಯದಲ್ಲ. ಮೊಂಡನನ್ನು ಆ ಕರಪತ್ರ ಹಂಚುವ ನಮ್ಮ ಸಂಘಕ್ಕೆ ಬಿಟ್ಟುಕೊಟ್ಟ ಕಾಗದ. ಹಾಗಾಗಿ ಕೋಚ್‌ಗೆ ಹೇಳಿ, ವಕೀಲರಿಗೆ ಹೇಳಿ ಪ್ರಯೋಜನವಿಲ್ಲ. ನೀನೇ ಕೊಟ್ಟಿದ್ದೀಯ. ಇದು ಮೋಸ ಎಂದು ಅಮ್ಮ ಈಗ ಹಣೆ ಚಚ್ಚಿಕೊಳ್ಳುತ್ತಿರಬಹುದು. ಅಮ್ಮಾ, ಮೋಸ ಅನ್ನು, ಏನಾದರೂ ಅನ್ನು. ಬಾಯಿಲ್ಲದವನ ಪರ ನಿಂತವರಿಗೆ ಕೈ ತೊಳೆದುಕೊಂಡು ಕೂರಲು ಆಗುವುದಿಲ್ಲ.

ಈಗ ಅವನು ಬಯಲಲ್ಲಿದ್ದಾನೆ. ಬಂದ ದಿನವೇ ಮುಸುಕು ತೆಗೆದೆವು. ಕಡಿವಾಣವಿಲ್ಲ, ಜೀನಿಲ್ಲ, ಹೊತ್ತಿಗೆ ಸರಿಯಾಗಿ ಹಿಡಿದು ನಿಲ್ಲಿಸುವವರಿಲ್ಲ. ಮೊದಲ ದಿನ ಹುಲ್ಲಲ್ಲಿ ಹೊರಳಾಡಿ ಎದ್ದು ಮೈ ಕೊಡವಿದ. ಅದನ್ನು ನೋಡಿ ನಾನು ಅತ್ತೆ. ಜೊತೆಗೆ ಇನ್ನೆರಡು ಮುದಿ ಕುದುರೆಗಳಿವೆ. ಮೈ ತುಂಬಿಕೊಂಡಿದ್ದಾನೆ. ನೀನು ಬಂದರೆ ಗುರುತು ಹಿಡಿಯುತ್ತಾನೆಂಬ ನಂಬಿಕೆ ನನಗಿಲ್ಲ. ದಯವಿಟ್ಟು ಬರಬೇಡ.

ಕೊನೆಗೆ ಒಂದು ಸಣ್ಣ ಮಾತು. ಹನಿ ಹಾಕುವಾಗ ನಮ್ಮನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆಯಲ್ಲ, ಒಳಗೆ ಏನು ಮಾಡುತ್ತಿದ್ದೆ? ಯಾರಿಗೂ ಬಗ್ಗದವನು ನಿನಗೆ ತಲೆ ತಗ್ಗಿಸಿ ಅಲ್ಲಾಡದೆ ನಿಲ್ಲುತ್ತಿದ್ದನಂತೆ. ಎಲ್ಲಿ ಮುಟ್ಟುತ್ತಿದ್ದೆ, ಏನು ಹೇಳುತ್ತಿದ್ದೆ ಎಂದು ಅಮ್ಮನ ಕೈಲಿ ಶುಕ್ರವಾರದೊಳಗೆ ತಿಳಿಸು. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಳ್ಳಬೇಡ.

ಕ್ಷಮೆ ಕೇಳದ, ಕೇಳಬೇಕೆಂದೂ ಅನಿಸದ
ನಿನ್ನ ತಂಗಿ

ತಾ.ಕ.: ಅಮ್ಮಾ, ಇಲ್ಲಿಂದ ಮನಸ್ಸಿನಲ್ಲೇ ಓದಿಕೋ. ತುಟಿಯನ್ನೂ ಆಡಿಸಬೇಡ, ಅವಳಿಗೆ ಕೇಳಿಸುತ್ತದೆ. ಹನಿ ಹಾಕಿಸಿಕೊಳ್ಳಲು ಮೊಂಡ ಬಿಡಲಿಲ್ಲ. ಬಲವಂತ ಬೇಡ ಎಂದು ಸಂಘದವರು ಹೇಳಿದರು, ಎಲ್ಲರಿಗಿಂತ ಗಟ್ಟಿಯಾಗಿ ನಾನೇ ಹೇಳಿದೆ. ಇಪ್ಪತ್ತೇ ದಿನಕ್ಕೆ ಬಲಗಣ್ಣು ಬೆಳ್ಳಗಾಯಿತು. ಜೊತೆಯ ಕುದುರೆಗಳು ಒದೆಯುತ್ತವೆ, ಎರಡು ಸಲ ತಂತಿಗೆ ನುಗ್ಗಿ ಎದೆ ಸೀಳಿಕೊಂಡಿದ್ದಾನೆ. ಗಾಯ ಕೀವಾಗಿದೆ, ಹತ್ತಿರ ಹೋದವರನ್ನು ಕಚ್ಚುತ್ತಾನೆ. ಶನಿವಾರ ಬೆಳಿಗ್ಗೆ ಡಾಕ್ಟರು ಅವನ ನೋವು ಮುಗಿಸುವ ಕೊನೆಯ ಚುಚ್ಚುಮದ್ದು ಕೊಡಲು ಬರುತ್ತಾರೆ. ಅವನು ಅಲ್ಲಾಡದೆ ನಿಂತರೆ ಒಂದು ನಿಮಿಷದ ಕೆಲಸವಂತೆ. ನಿಲ್ಲದಿದ್ದರೆ ಹಗ್ಗ ಹಾಕಿ ಕೆಡವಬೇಕಂತೆ. ಅವಳನ್ನು ಕರೆತರಬೇಡ. ಅವಳ ದನಿ ಕೇಳಿದರೆ ಅವನು ನಡೆದುಕೊಂಡು ಬಂದು ತಲೆ ತಗ್ಗಿಸುತ್ತಾನೆ, ಅದನ್ನು ನಾನು ನೋಡಲಾರೆ. ಹೇಗೆ ನಿಲ್ಲಿಸುತ್ತಿದ್ದಳು ಎಂದಷ್ಟೇ ಕೇಳಿ ಹೇಳು. ಸುಮ್ಮನೆ ಕುತೂಹಲಕ್ಕೆ ಕೇಳಿದ ಹಾಗೆ, ನಗುನಗುತ್ತಾ ಕೇಳು. ನಿನಗೆ ಸುಳ್ಳು ಬರುವುದಿಲ್ಲ, ಗೊತ್ತು. ಇದೊಂದು ಸಲ ಕಲಿತುಕೋ.